ನಾಲ್ಕು ಗೆರೆಯ ಚೌಕ ಸ್ವರಗಳನ್ನು ಓದಿ ಹಾಡುವುದು

ಕ್ಯಾಥೊಲಿಕ್ ಚರ್ಚಿನ ಹಳೆಯ ಲ್ಯಾಟಿನ್ ಹಾಡುಗಾರಿಕೆಯಾದ ಗ್ರೆಗೋರಿಯನ್ ಗಾಯನದ ಪುಸ್ತಕದಲ್ಲಿ ಐದರ ಬದಲು ನಾಲ್ಕೇ ಗೆರೆ, ದುಂಡು ಸ್ವರಗಳ ಜಾಗದಲ್ಲಿ ಕರಿ ಚೌಕಗಳು. ಗೆರೆಗಳ ಮೇಲೆ ಸ್ವರ ಕೂರಿಸುವ ಪದ್ಧತಿಯನ್ನು 11ನೇ ಶತಮಾನದಲ್ಲಿ ಗಟ್ಟಿಮಾಡಿದವನು ಇಟಲಿಯ ಅರೆಟ್ಸೊ ಊರಿನ ಗ್ವೀಡೊ ಎಂಬ ಸನ್ಯಾಸಿ. ವರ್ಷಗಟ್ಟಲೆ ಬಾಯಿಪಾಠ ಮಾಡಿಸುವ ಕಷ್ಟ ತಪ್ಪಲಿ ಎಂಬುದು ಅವನ ಹಟ.

ಮೊದಲು ಎಡತುದಿ ನೋಡಿ. ಬಲಕ್ಕೆ ಬಾಯ್ದೆರೆದ ಕೊಕ್ಕಿನಂಥ ಗುರುತಿರುವ ಗೆರೆಯೇ ‘ದೊ’, ಅಂದರೆ ದೊ, ರೆ, ಮಿ, ಫ, ಸೊಲ್, ಲ, ಸಿ ಎಂಬ ಏಳು ಸ್ವರಗಳಲ್ಲಿ ಮೊದಲನೆಯದು. ಕೊಕ್ಕಿನ ಎಡಕ್ಕೆ ಚೌಕವೂ ಅಂಟಿದ್ದರೆ ಆ ಗೆರೆ ‘ಫ’. ದೊ ಮೇಲಿನ ಗೆರೆಯಲ್ಲಿದ್ದರೆ ಕೆಳಗಿನವು ಲ, ಫ, ರೆ. ಸಂದುಗಳಲ್ಲಿ ಸಿ, ಸೊಲ್, ಮಿ. ದೊ ಎಂದರೆ ಹಾರ್ಮೋನಿಯಂನ ಇಂಥದೇ ಮನೆ ಅಲ್ಲ. ನಮ್ಮ ಷಡ್ಜದ ಹಾಗೆ ಗಂಟಲಿಗೆ ಒಗ್ಗುವಲ್ಲಿ ಇಟ್ಟುಕೊಳ್ಳಿ. ಹಾಡಿನ ಅತಿ ಎತ್ತರದ ಸ್ವರ ಎಲ್ಲರಿಗೂ ಎಟುಕುವಂತಿರಲಿ. ಸ್ವರಗಳ ಅಂತರ ಶಂಕರಾಭರಣದ್ದೇ. ರೆಯಲ್ಲಿ ನಿಲ್ಲುವ ಹಾಡಿಗೆ ಮಾತ್ರ ಆ ರೆಯನ್ನು ಷಡ್ಜವೆಂದು ಕೇಳಿಕೊಳ್ಳಿ, ಖರಹರಪ್ರಿಯದ ಸ್ವರಗಳು ಸಿಗುತ್ತವೆ. ಅರ್ಧ ಸ್ವರ ಇಳಿಯಬಲ್ಲದ್ದು ಸಿ ಒಂದೇ. ಕರ್ನಾಟಕ ಸಂಗೀತ ಕಲಿತವರ ಗಂಟಲು ತಾನಾಗಿ ಗಮಕಕ್ಕೆ ಹೊರಳುತ್ತದೆ. ಇಲ್ಲಿ ಅದು ಬೇಡ: ಒಬ್ಬರು ಅಲುಗಿಸಿದರೂ ಇಡೀ ಗುಂಪಿನ ಸ್ವರ ಮಸುಕಾಗುತ್ತದೆ.

ಜೋಡಿ ಚಿಹ್ನೆಗಳಲ್ಲೇ ಹೆಚ್ಚಿನವರು ಎಡವುವುದು. ಒಂದರ ಮೇಲೊಂದು ಕೂತ ಎರಡು ಚೌಕ ಪೊದಾತುಸ್. ಕೆಳಗಿನದು ಮೊದಲು, ಮೇಲಿನದು ಆಮೇಲೆ. ಪೊರ್ರೆಕ್ತುಸ್‌ನಲ್ಲಿ ದಪ್ಪ ಓರೆಪಟ್ಟಿ ಇರುತ್ತದೆ. ಪಟ್ಟಿಯುದ್ದಕ್ಕೂ ಜಾರಬೇಡಿ, ಅದರ ಎರಡು ತುದಿಗಳು, ಆಮೇಲೆ ಮೇಲಿನ ಚೌಕ, ಒಟ್ಟು ಮೂರೇ ಸ್ವರ. ಹರಳಿನಾಕಾರದ ಚಿಹ್ನೆಗಳು ನೋಡಲು ಸಣ್ಣವು, ಕಾಲದಲ್ಲಿ ಚೌಕಕ್ಕೆ ಸಮ. ಪಕ್ಕದಲ್ಲಿ ಚುಕ್ಕೆಯಿದ್ದರೆ ಎರಡರಷ್ಟು ಎಳೆಯಿರಿ. ಇದು ಫ್ರಾನ್ಸಿನ ಸೊಲೆಮ್ ಮಠದ ಆವೃತ್ತಿಗಳ ರೂಢಿ. ಸಾಲಿನ ಕೊನೆಯ ಪುಟ್ಟ ಗುರುತನ್ನು ಹಾಡುವುದಿಲ್ಲ, ಮುಂದಿನ ಸಾಲು ಯಾವ ಸ್ವರದಿಂದ ಶುರು ಎಂದಷ್ಟೇ ಅದು ತೋರಿಸುತ್ತದೆ.

ತಾಳ ಹಾಕಬೇಡಿ. ಲ್ಯಾಟಿನ್ ಸಾಲನ್ನು ಮೊದಲು ಮಾತಿನಂತೆ ಓದಿ ಒತ್ತು ಬೀಳುವ ಅಕ್ಷರ ಗುರುತಿಸಿ. ನಂತರ ಪದವನ್ನು ಒಂದೇ ಸ್ವರದಲ್ಲಿ ಹೇಳಿ, ಬೇರೆಯಾಗಿ ದೊ-ರೆ-ಮಿ ಹಾಡಿ, ಕೊನೆಗೆ ಎರಡನ್ನೂ ಕೂಡಿಸಿ. ಈ ಕ್ರಮ ಬಿಟ್ಟರೆ ಪ್ರತಿ ಚೌಕಕ್ಕೂ ಸುತ್ತಿಗೆಯೇಟು ಬೀಳುತ್ತದೆ. ಶ್ರುತಿ ಕುಸಿಯುವುದು ಸಾಮಾನ್ಯವಾಗಿ ಫದಿಂದ ಮಿಗೆ, ದೊದಿಂದ ಸಿಗೆ ಇಳಿಯುವಾಗ. ಅಲ್ಲಿ ಹೆಜ್ಜೆ ಚಿಕ್ಕದು, ನಾವು ದೊಡ್ಡದಾಗಿ ಇಡುತ್ತೇವೆ. ನಾಲ್ಕೂ ಗೆರೆ ದಾಟುವ ಅಡ್ಡಗೀಟಿನಲ್ಲಿ ಉಸಿರೆಳೆಯಿರಿ, ಮೇಲಿನ ಗೆರೆಗಷ್ಟೇ ತಾಗಿದ ಪುಟ್ಟ ಗೀಟಿನಲ್ಲಿ ಆದಷ್ಟೂ ಬೇಡ. ಶುರುವಿನ ನಕ್ಷತ್ರ ಚಿಹ್ನೆಯವರೆಗೆ ಒಬ್ಬರೇ ಹಾಡಬೇಕು. ಉಳಿದವರು ಅಲ್ಲಿಂದ ಸೇರಿಕೊಳ್ಳಲಿ.