ಪ್ರೋಟೀನ್ ಪತ್ತೆಗೆ ಡಿಎನ್‌ಎ ಸಂವೇದಕ: ಚಿನ್ನದ ಮೇಲ್ಮೈಯಿಂದ ನಂಬಬಹುದಾದ ಅಳತೆಯವರೆಗೆ

ಚಿನ್ನದ ಎಲೆಕ್ಟ್ರೋಡ್ ಮೇಲೆ ಡಿಎನ್‌ಎ ಎಳೆಗಳನ್ನು ಕೂರಿಸಿ, ಅವು ಪ್ರೋಟೀನನ್ನು ಹಿಡಿದಾಗ ವಿದ್ಯುತ್ ಪ್ರವಾಹದಲ್ಲಿ ಆಗುವ ಬದಲಾವಣೆಯನ್ನು ಅಳೆಯುವುದು ಈ ಸಂವೇದಕದ ತತ್ವ. ಇಲ್ಲಿ ಬಳಸುವ ಎಳೆಗೆ ಆಪ್ಟಮರ್ ಎಂದು ಹೆಸರು. ಅದರ ಒಂದು ತುದಿಯಲ್ಲಿ ಚಿನ್ನಕ್ಕೆ ಅಂಟುವ ಥಯಾಲ್ ಗುಂಪೂ ಇನ್ನೊಂದು ತುದಿಯಲ್ಲಿ ಎಲೆಕ್ಟ್ರಾನ್ ವಿನಿಮಯ ಮಾಡುವ ಮೆಥಿಲೀನ್ ಬ್ಲೂ ಅಣುವೂ ಇರುತ್ತವೆ. ಪ್ರೋಟೀನ್ ಬಂದು ಕೂಡಿಕೊಂಡಾಗ ಎಳೆಯ ಆಕಾರವೂ ಚಲನೆಯೂ ಬದಲಾಗಿ, ಮೆಥಿಲೀನ್ ಬ್ಲೂ ಮತ್ತು ಚಿನ್ನದ ನಡುವಿನ ಎಲೆಕ್ಟ್ರಾನ್ ವರ್ಗಾವಣೆಯ ವೇಗ ಬದಲಾಗುತ್ತದೆ.

ಮೊದಲ ಪ್ರಯತ್ನಕ್ಕೆ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಥ್ರಾಂಬಿನ್ ಒಳ್ಳೆಯ ಆಯ್ಕೆ. 1992ರಲ್ಲಿ ವರದಿಯಾದ ಅದರ ಆಪ್ಟಮರ್ ಕೇವಲ 15 ಬೇಸ್‌ಗಳಷ್ಟು ಉದ್ದವಿದೆ. ಗ್ವಾನಿನ್ ಬೇಸ್‌ಗಳು ನಾಲ್ಕು ನಾಲ್ಕಾಗಿ ಸೇರಿ ಅದಕ್ಕೆ ಗಟ್ಟಿಯಾದ ಮಡಿಕೆಯನ್ನು ಕೊಡುತ್ತವೆ. ಪೊಟ್ಯಾಸಿಯಂ ಅಯಾನುಗಳು ಈ ಮಡಿಕೆಯನ್ನು ಭದ್ರಪಡಿಸುವುದರಿಂದ, ಅಳತೆಯ ಬಫರ್‌ನಲ್ಲಿ ಅವುಗಳ ಪ್ರಮಾಣ ಒಂದೇ ಸಮನಾಗಿರುವಂತೆ ನೋಡಿಕೊಳ್ಳಬೇಕು.

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾಗುವುದು ಮೇಲ್ಮೈ ಸಿದ್ಧತೆಗೆ. ಎಲೆಕ್ಟ್ರೋಡನ್ನು 1 ಮೈಕ್ರೋಮೀಟರ್, ಬಳಿಕ 0.05 ಮೈಕ್ರೋಮೀಟರ್ ಕಣಗಳ ಅಲ್ಯುಮಿನಾದಿಂದ ಉಜ್ಜಿ, ಅಂಟಿಕೊಂಡ ಕಣಗಳು ಹೋಗುವಂತೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯಿರಿ. ಆಮೇಲೆ 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ, ಒಂದರ ಮೇಲೊಂದು ಬೀಳುವ ವಿದ್ಯುತ್ ಪ್ರವಾಹದ ರೇಖೆಗಳು ಸಿಗುವವರೆಗೆ, ವೋಲ್ಟೇಜನ್ನು ಏರಿಸಿ ಇಳಿಸಿ. ಚಿನ್ನದ ಆಕ್ಸೈಡ್ ಅಪಕರ್ಷಣಗೊಂಡು ಮತ್ತೆ ಚಿನ್ನವಾಗುವಾಗ ಮೂಡುವ ಶಿಖರದ ಒಟ್ಟು ವಿದ್ಯುದಾವೇಶವನ್ನು ಚದರ ಸೆಂಟಿಮೀಟರಿಗೆ ಸುಮಾರು 390 ಮೈಕ್ರೋಕೂಲಂಬ್ ಎಂಬ ಪ್ರಮಾಣದಿಂದ ಭಾಗಿಸಿದರೆ ಮೇಲ್ಮೈಯ ನಿಜವಾದ ವಿಸ್ತೀರ್ಣ ಸಿಗುತ್ತದೆ. ಈ ಸಂಖ್ಯೆಯನ್ನು ಪ್ರತಿ ಎಲೆಕ್ಟ್ರೋಡಿಗೂ ಬರೆದಿಡಿ. ಡಿಎನ್‌ಎ ಸಾಂದ್ರತೆಯ ಲೆಕ್ಕ ಇದನ್ನೇ ಅವಲಂಬಿಸಿದೆ.

ಕೊಂಡು ತಂದ ಡಿಎನ್‌ಎಯಲ್ಲಿ ಥಯಾಲ್ ಸಾಮಾನ್ಯವಾಗಿ ಡೈಸಲ್ಫೈಡ್ (ಎರಡು ಗಂಧಕ ಪರಮಾಣುಗಳ ಬಂಧ) ರೂಪದಲ್ಲಿ ಮುಚ್ಚಿರುತ್ತದೆ. ಟಿಸಿಇಪಿ ಎಂಬ ಅಪಕರ್ಷಕದ ದ್ರಾವಣವನ್ನು ಬೆರೆಸಿ, ಬೆಳಕು ತಾಗದಂತೆ ಸುಮಾರು ಒಂದು ಗಂಟೆ ಇಟ್ಟು ಆ ಬಂಧವನ್ನು ಬಿಡಿಸಿ. ಅನಂತರ ನ್ಯಾನೋಮೋಲಾರ್ ಮಟ್ಟಕ್ಕೆ ತೆಳುಗೊಳಿಸಿ (200 ನ್ಯಾನೋಮೋಲಾರ್‌ನಿಂದ ಆರಂಭಿಸಬಹುದು) ಎಲೆಕ್ಟ್ರೋಡನ್ನು ಅದರಲ್ಲಿ ಇನ್ನೊಂದು ಗಂಟೆ ಇಡಿ. ಎಳೆಗಳು ದಟ್ಟವಾದಷ್ಟೂ ಸಂಕೇತ ಚೆನ್ನಾಗಿರುತ್ತದೆ ಎಂಬ ಊಹೆ ಪ್ರೋಟೀನ್ ವಿಷಯದಲ್ಲಿ ಸರಿಯಲ್ಲ: ಥ್ರಾಂಬಿನ್ ಈ ಆಪ್ಟಮರಿಗಿಂತ ಹಲವು ಪಟ್ಟು ಭಾರದ ಅಣು, ಎಳೆಗಳು ಒತ್ತೊತ್ತಾಗಿದ್ದರೆ ಅದಕ್ಕೆ ಕೂರಲು ಜಾಗವೇ ಇರುವುದಿಲ್ಲ. ಆದ್ದರಿಂದ ಮೂರು ನಾಲ್ಕು ಸಾಂದ್ರತೆಗಳಲ್ಲಿ ಎಲೆಕ್ಟ್ರೋಡ್‌ಗಳನ್ನು ತಯಾರಿಸಿ ಹೋಲಿಸುವುದು ಸಮಯ ವ್ಯರ್ಥವಲ್ಲ. ಕೊನೆಗೆ ಮರ್ಕ್ಯಾಪ್ಟೋಹೆಕ್ಸನಾಲ್ ಎಂಬ ಸಣ್ಣ ಥಯಾಲ್ ಅಣುವಿನ ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ಟರೆ, ಅದು ಖಾಲಿ ಉಳಿದ ಚಿನ್ನವನ್ನು ಮುಚ್ಚಿ, ಅಡ್ಡಬಿದ್ದ ಎಳೆಗಳನ್ನು ಎಬ್ಬಿಸಿ ನಿಲ್ಲಿಸುತ್ತದೆ.

ಅಳತೆಗೆ ಸ್ಕ್ವೇರ್ ವೇವ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಚೌಕಾಕಾರದ ಮಿಡಿತಗಳಲ್ಲಿ ಬದಲಿಸುತ್ತ ಪ್ರವಾಹವನ್ನು ಅಳೆಯುವ ವಿಧಾನ) ಸೂಕ್ತ. ಬೆಳ್ಳಿ–ಬೆಳ್ಳಿ ಕ್ಲೋರೈಡ್ ಆಧಾರ ಎಲೆಕ್ಟ್ರೋಡಿಗೆ ಹೋಲಿಸಿದರೆ ಮೆಥಿಲೀನ್ ಬ್ಲೂ ಶಿಖರ ತಟಸ್ಥ ಬಫರ್‌ನಲ್ಲಿ ಮೈನಸ್ 0.3 ವೋಲ್ಟ್ ಆಸುಪಾಸಿನಲ್ಲಿ ಕಾಣುತ್ತದೆ. ವೋಲ್ಟೇಜನ್ನು ಅಲ್ಲಿಂದ ಬಹಳ ಕೆಳಗೆ ಒಯ್ಯಬಾರದು, ಏಕೆಂದರೆ ಥಯಾಲ್ ಪದರವೇ ಚಿನ್ನದಿಂದ ಕಳಚಿಕೊಳ್ಳಬಹುದು. ಆವರ್ತನವನ್ನು 10ರಿಂದ 500 ಹರ್ಟ್ಜ್‌ವರೆಗೆ ಬದಲಿಸಿ ನೋಡಿ: ಅದೇ ಪ್ರೋಟೀನ್, ಅದೇ ಎಲೆಕ್ಟ್ರೋಡ್ ಇದ್ದರೂ ಒಂದು ಆವರ್ತನದಲ್ಲಿ ಶಿಖರ ಏರಬಹುದು, ಇನ್ನೊಂದರಲ್ಲಿ ಇಳಿಯಬಹುದು. ಹೀಗೆ ವಿರುದ್ಧ ದಿಕ್ಕಿನಲ್ಲಿ ಸಾಗುವ ಎರಡು ಆವರ್ತನಗಳು ಸಿಕ್ಕರೆ, ಅವುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ಕಾಲಕ್ರಮೇಣ ಆಗುವ ಸಂಕೇತದ ಕುಸಿತವನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ಪ್ರೋಟೀನ್ ಸೇರಿಸುವ ಮುನ್ನ ಬರಿಯ ಬಫರ್‌ನಲ್ಲಿ ಶಿಖರ ಸ್ಥಿರವಾಗುವವರೆಗೆ ಕಾಯಿರಿ. ಈ ಕಾಯುವಿಕೆಯನ್ನು ಬಿಟ್ಟರೆ ಎಲೆಕ್ಟ್ರೋಡಿನ ಸಹಜ ಇಳಿತವೇ ಪ್ರೋಟೀನಿನ ಸಂಕೇತವೆಂದು ತೋರಬಹುದು. ಪ್ರತಿ ಎಲೆಕ್ಟ್ರೋಡಿನ ಬದಲಾವಣೆಯನ್ನೂ ಅದರದೇ ಆರಂಭಿಕ ಶಿಖರದ ಶೇಕಡಾವಾರಿನಲ್ಲಿ ಬರೆಯಬೇಕು. ಬೇಸ್‌ಗಳ ಅನುಕ್ರಮವನ್ನು ಕಲಸಿದ ಡಿಎನ್‌ಎ ಇರುವ ಎಲೆಕ್ಟ್ರೋಡ್ ಥ್ರಾಂಬಿನ್‌ಗೆ ಸ್ಪಂದಿಸಬಾರದು. ಸರಿಯಾದ ಆಪ್ಟಮರ್ ಇರುವ ಎಲೆಕ್ಟ್ರೋಡ್ ಅಲ್ಬುಮಿನ್ ಎಂಬ ಬೇರೆ ರಕ್ತ ಪ್ರೋಟೀನಿಗೆ ಸ್ಪಂದಿಸಬಾರದು. ಈ ಎರಡೂ ಪರೀಕ್ಷೆಗಳಲ್ಲಿ ಪಾಸಾಗದ ಸಂವೇದಕದ ಪತ್ತೆಮಿತಿ (ಅದು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಎಷ್ಟೇ ಕಡಿಮೆಯಿದ್ದರೂ ಅದಕ್ಕೆ ಬೆಲೆಯಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ರಕ್ತದ ಸೀರಮ್‌ನಲ್ಲಿ ಪರೀಕ್ಷಿಸುವಾಗ ಇನ್ನೊಂದು ಎಚ್ಚರ ಅಗತ್ಯ. ಅಲ್ಲಿರುವ ಆಂಟಿಥ್ರಾಂಬಿನ್ ನೀವು ಸೇರಿಸಿದ ಥ್ರಾಂಬಿನ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ; ಆದ್ದರಿಂದ ಸೇರಿಸಿದ ಪ್ರಮಾಣವನ್ನೇ ಮುಕ್ತವಾಗಿ ಉಳಿದ ಪ್ರಮಾಣವೆಂದು ಭಾವಿಸಿ, ಸಂಕೇತವನ್ನು ಪ್ರಮಾಣಕ್ಕೆ ಹೊಂದಿಸುವ ಮಾಪನಾಂಕ ರೇಖೆ ಎಳೆಯಬಾರದು.