ಒಂದು ನೋಟ್‌ಬುಕ್ಕು, ನಾಲ್ಕು ಮೇಜು: ನಮ್ಮ ಆರೋಗ್ಯ ಕೇಂದ್ರದ ಶುಗರ್ ಕ್ಲಿನಿಕ್

ವಾರಕ್ಕೊಂದು ದಿನ ನಡೆಯುವ ನಮ್ಮ ಶುಗರ್ ಕ್ಲಿನಿಕ್‌ನಲ್ಲಿ ಮೊದಲು ಎಲ್ಲರೂ ಡಾಕ್ಟರ ಕೋಣೆಯ ಮುಂದೆಯೇ ಸಾಲುಗಟ್ಟುತ್ತಿದ್ದರು. ಒಬ್ಬರಿಗೆ ಎರಡು ನಿಮಿಷ. ರಿಪೋರ್ಟ್ ನೋಡಿ ಮಾತ್ರೆ ಬರೆಯುವಷ್ಟರಲ್ಲಿ ಅದು ಮುಗಿಯುತ್ತಿತ್ತು, ಪಾದ ನೋಡುವವರಿರಲಿಲ್ಲ. ಈಗ ಸಾಲನ್ನೇ ಒಡೆದು ನಾಲ್ಕು ಮೇಜು ಹಾಕಿದ್ದೇವೆ: ಲ್ಯಾಬ್ ಟೆಕ್ನಿಷಿಯನ್, ನರ್ಸ್, ಫಾರ್ಮಸಿಸ್ಟ್, ಕೊನೆಗೆ ಡಾಕ್ಟರು. ರೋಗಿಯ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು. ಪ್ರತಿ ಮೇಜಿನವರೂ ಕಂಡದ್ದನ್ನು ಅದರಲ್ಲೇ ಬರೆಯಬೇಕು, ಬಾಯಿಮಾತು ನಡೆಯುವುದಿಲ್ಲ.

ಲ್ಯಾಬ್‌ನಲ್ಲಿ ಕೇಳುವ ಮೊದಲ ಪ್ರಶ್ನೆ ‘ಕಾಫಿ ಕುಡಿದಿರಾ?’ ‘ಏನೂ ತಿಂದಿಲ್ಲ’ ಅನ್ನುವವರಲ್ಲಿ ಎಷ್ಟೋ ಜನ ಸಕ್ಕರೆ ಹಾಕಿದ ಕಾಫಿ ಕುಡಿದೇ ಬಂದಿರುತ್ತಾರೆ. ಕುಡಿದಿದ್ದರೆ ‘ಖಾಲಿ ಹೊಟ್ಟೆ’ ಅಂತ ಬರೆಯದೆ ‘ರ‍್ಯಾಂಡಮ್’ ಅಂತ ಬರೆಯುತ್ತೇವೆ. ಬೆರಳು ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಸಬೇಕು. ಬಾಳೆಹಣ್ಣು ಸುಲಿದ ಬೆರಳು ಗ್ಲುಕೋಮೀಟರಿನ ಅಂಕಿಯನ್ನು ಸುಳ್ಳೇ ಏರಿಸುತ್ತದೆ.

ನರ್ಸ್ ಮೇಜಿನಲ್ಲಿ ಐದು ನಿಮಿಷ ಕೂರಿಸಿದ ಮೇಲೆ ಬಿಪಿ, ಆಮೇಲೆ ಪಾದ. ಬೆರಳ ಸಂದಿಗಳನ್ನು ಬಿಡಿಸಿ ನೋಡಿ, ಪಾದಕ್ಕೆ ಸ್ಪರ್ಶ ತಿಳಿಯುತ್ತದೋ ಎಂದು ನೋಡುವ ನೈಲಾನ್ ಎಳೆಯನ್ನು (10 ಗ್ರಾಂ ಮೊನೊಫಿಲಮೆಂಟ್) ಬಾಗುವಷ್ಟೇ ಒತ್ತುತ್ತೇವೆ. ಜಡ್ಡುಗಟ್ಟಿದ ಜಾಗದಲ್ಲಿ ಒತ್ತುವುದಿಲ್ಲ. ಕಣ್ಣು ಮುಚ್ಚಿಸಿ ‘ಗೊತ್ತಾಯ್ತಾ?’ ಅಂತ ಕೇಳಿದರೆ ಮರ್ಯಾದೆಗೆ ‘ಹೂಂ’ ಅಂತಾರೆ. ಅದಕ್ಕೇ ‘ಎಲ್ಲಿ ಮುಟ್ಟಿದೆ ಹೇಳಿ’ ಅಂತಲೇ ಕೇಳಬೇಕು. ಶುಗರ್ 70ಕ್ಕಿಂತ ಕೆಳಗಿದ್ದು ರೋಗಿಗೆ ಎಚ್ಚರವಿದ್ದರೆ ನರ್ಸ್ ಡಾಕ್ಟರಿಗೆ ಕಾಯುವುದಿಲ್ಲ: ನೀರಿಗೆ ಮೂರು ಟೀ ಚಮಚ ಸಕ್ಕರೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ, ಸರಿಹೋದ ಮೇಲೆ ತಿಂಡಿ. ಹೀಗೆ ಮಾಡಬಹುದೆಂದು ಬರೆದು ಡಾಕ್ಟರ ಸಹಿ ಹಾಕಿಸಿದ ಹಾಳೆ ಗೋಡೆಯ ಮೇಲಿದೆ. ಆ ಸಹಿ ಇಲ್ಲದಿದ್ದರೆ ಯಾರೂ ಮುಂದೆ ಬರುವುದಿಲ್ಲ.

ಫಾರ್ಮಸಿಸ್ಟರನ್ನು ಮೊದಲು ಕೊನೆಯಲ್ಲಿಟ್ಟಿದ್ದೆವು. ಅದು ತಪ್ಪು ಅಂತ ಗೊತ್ತಾದದ್ದು ಸಿರಿಂಜಿನಿಂದ. ನಾವು ಕೊಡುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಂಗಡಿಯಲ್ಲಿ ಕಿತ್ತಳೆ ಮುಚ್ಚಳದ್ದು, ಅಂದರೆ ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್ನಿನ ಅಳತೆಯದು, ತಂದು 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ, ಡಾಕ್ಟರು 30ಕ್ಕೆ ಏರಿಸುತ್ತಾರೆ, ಆಗಲೂ ಹೋಗುವುದು 12. ಒಂದು ದಿನ ಮನೆಯವರು ಸರಿಯಾದ ಸಿರಿಂಜನ್ನೇ ತರುತ್ತಾರೆ; ಆ ಹೊತ್ತು ಪೂರ್ತಿ 30 ಒಳಗೆ ಹೋಗಿ ರೋಗಿ ಬೆವರಿ ಕುಸಿಯುತ್ತಾರೆ. ಆದ್ದರಿಂದ ಈಗ ಡೋಸ್ ಏರಿಸುವ ಮೊದಲೇ ಫಾರ್ಮಸಿಸ್ಟ್ ಮೂರು ಸಂಗತಿ ಬರೆದಿರಬೇಕು: ಸಿರಿಂಜಿನ ಬಣ್ಣ, ಚುಚ್ಚುವ ಜಾಗದಲ್ಲಿ ಗಂಟು ಉಂಟೋ, ಬಾಟಲಿ ಎಲ್ಲಿಡುತ್ತಾರೆ. ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿದ್ದರೆ ಔಷಧಿ ಒಂದು ದಿನ ಹೀರುತ್ತದೆ, ಒಂದು ದಿನ ಇಲ್ಲ. ಫ್ರಿಜ್ ಇಲ್ಲದ ಮನೆಗೆ ಒದ್ದೆ ಮರಳು ತುಂಬಿದ ಮಡಕೆ. ತೆರೆದ ಬಾಟಲಿಗೆ ನಾಲ್ಕು ವಾರ, ತೆರೆದ ತಾರೀಕು ಲೇಬಲ್ ಮೇಲೆ. ಈ ಮೂರೂ ಸರಿಯಿದ್ದರೆ ಮಾತ್ರ ಡಾಕ್ಟರು ಡೋಸಿಗೆ ಕೈ ಹಾಕುತ್ತಾರೆ.

ಮೇಜಿಲ್ಲದ ಐದನೆಯವರು ಆಶಾ ಕಾರ್ಯಕರ್ತೆಯರು. ‘ಅಕ್ಕ, ಮಾತ್ರೆ ತಗೊಳ್ತಿದ್ದೀರಾ?’ ಅಂದರೆ ಉತ್ತರ ಯಾವಾಗಲೂ ‘ತಗೊಳ್ತೀನಿ’. ‘ಶೀಟು ತೋರಿಸಿ’ ಅಂದಾಗ ನಿಜ ಕಾಣುತ್ತದೆ. ಉಳಿದ ಮಾತ್ರೆಗಳ ಲೆಕ್ಕ ನೋಟ್‌ಬುಕ್ಕಿಗೆ ಬರೆಯುತ್ತಾರೆ, ಡೋಸ್ ಬದಲಿಸುವುದಿಲ್ಲ. ಏಕಾದಶಿ, ಶಿವರಾತ್ರಿ, ರಂಜಾನ್ ಬರುವ ಮೊದಲು ಉಪವಾಸ ಇರುವವರ ಹೆಸರು ಅವರಿಂದಲೇ ಬರಬೇಕು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಕೆಳಗಿಳಿಯುತ್ತದೆ. ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆಯ ಜೊತೆ ಗುದ್ದಾಡುವುದೂ ಅವರ ಪಾಲಿಗೇ ಬಂದಿದೆ. ಅರ್ಧ ಮುದ್ದೆ, ಸೊಪ್ಪಿನ ಸಾರು ಜಾಸ್ತಿ ಅಂದರೆ ಒಪ್ಪುತ್ತಾರೆ. ಮುದ್ದೆಯನ್ನೇ ಬಿಡಿ ಅಂದರೆ ನಮ್ಮನ್ನೇ ಬಿಡುತ್ತಾರೆ.

ಕ್ಲಿನಿಕ್ ಮುಗಿದ ಮೇಲೆ ಎಲ್ಲರೂ ಅರ್ಧ ಗಂಟೆ ಕೂತು, ಬಾರದವರ ಪಟ್ಟಿಯನ್ನು ಹಳ್ಳಿವಾರು ಆಶಾಗಳಿಗೆ ಹಂಚುತ್ತೇವೆ. ಅದೇ ಹೊತ್ತಿಗೆ ವರ್ಷದ ಕಣ್ಣಿನ ಪರೀಕ್ಷೆ ಬಾಕಿ ಇರುವವರನ್ನು ತಾಲ್ಲೂಕು ಆಸ್ಪತ್ರೆಗೆ ಗುರುತಿಸುತ್ತೇವೆ. ಚೀಟಿಯಲ್ಲಿ ‘ಜೊತೆಗೆ ಒಬ್ಬರು ಬರಲಿ’ ಅಂತ ಬರೆಯಲೇಬೇಕು, ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಬಸ್ಸಿನ ಬೋರ್ಡೂ ಮಸುಕು.