ತಕ್ಕಡಿಗೆ ಸಿಗದ ಆವಿಯನ್ನು ಯುವಿಯಲ್ಲಿ ಹಿಡಿಯುವುದು

ಬೀರುವಿನಲ್ಲಿಟ್ಟ ನುಸಿಗುಳಿಗೆ ಸವೆದುಹೋಗುವುದನ್ನು ಎಲ್ಲರೂ ನೋಡಿದ್ದೀರಿ. ಅದು ನ್ಯಾಫ್ತಲೀನ್‌ನದ್ದಾದರೆ 25 ಡಿಗ್ರಿಯಲ್ಲಿ ಅದರ ಆವಿ ಒತ್ತಡ ಸುಮಾರು 11 ಪಾಸ್ಕಲ್. ಬೆಂಜೋಯಿಕ್ ಆಮ್ಲದ್ದು ಅದರ ನೂರರಲ್ಲಿ ಒಂದು ಪಾಲು, ಹತ್ತಿರ ಹತ್ತಿರ 0.1. ಇಷ್ಟು ಕಮ್ಮಿ ಇದ್ದರೆ ಲ್ಯಾಬಿನ ಮಾಮೂಲಿ ತಕ್ಕಡಿಗೆ ಏನೂ ತಿಳಿಯುವುದಿಲ್ಲ. ವಸ್ತು ಎಷ್ಟು ಅತಿನೇರಳೆ ಬೆಳಕು ಹೀರುತ್ತದೆಂದು ಅಳೆಯುವ ಯುವಿ ಸ್ಪೆಕ್ಟ್ರೋಫೋಟೋಮೀಟರ್‌ಗೆ ತಿಳಿಯುತ್ತದೆ: ಸ್ಲೈಡ್ ಮೇಲಿನ ತೆಳು ಪದರ ಸವೆದಂತೆ ಹೀರುವುದೂ ಕಮ್ಮಿಯಾಗುತ್ತದೆ. ಮಂಡ್ಯದಲ್ಲಿ ನಮ್ಮ ಎಂಎಸ್ಸಿ ಹುಡುಗರಿಗೆ ನಾನು ಮಾಡಿಸುವ ಕ್ರಮ ಇದು.

ಸ್ಲೈಡ್ ಕ್ವಾರ್ಟ್ಜ್‌ನದ್ದೇ ಆಗಬೇಕು. ಸಾದಾ ಗಾಜು 300 ನ್ಯಾನೋಮೀಟರ್‌ಗಿಂತ ಕೆಳಗೆ ಬೆಳಕನ್ನೇ ಬಿಡುವುದಿಲ್ಲ. ಮಿಲಿಲೀಟರಿಗೆ 5 ಮಿಲಿಗ್ರಾಂನಂತೆ ಆಮ್ಲವನ್ನು ಮೆಥನಾಲ್‌ನಲ್ಲಿ ಕರಗಿಸಿ, 20 ಮೈಕ್ರೋಲೀಟರನ್ನು ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಹರಡಿ. ಅಸಿಟೋನ್ ಬೇಡ. ಸ್ವಲ್ಪ ಉಳಿದರೂ ಅದೇ 270ರ ಆಸುಪಾಸಿನಲ್ಲಿ ಬೆಳಕು ಹೀರಿ ಲೆಕ್ಕ ಕೆಡಿಸುತ್ತದೆ. ಒಂದೇ ದೊಡ್ಡ ಹನಿ ಹಾಕಿದರೆ ಪದಾರ್ಥವೆಲ್ಲ ಅಂಚಿಗೆ ಹೋಗಿ ಉಂಗುರ ಕಟ್ಟುತ್ತದೆ, ನಡುವೆ ಬರಿದು. ಅದಕ್ಕೇ ಸಣ್ಣ ಸಣ್ಣ ಹನಿಯಾಗಿ, ಒಂದು ಒಣಗಿದ ಮೇಲೆ ಇನ್ನೊಂದು ಹಾಕಿ. ಸ್ಲೈಡನ್ನು ಗರಗರ ತಿರುಗಿಸಿ ಪದರ ಹರಡುವ ಸ್ಪಿನ್ ಕೋಟರ್ ಇದ್ದವರು ಪುಣ್ಯವಂತರು.

275 ನ್ಯಾನೋಮೀಟರ್ ಹತ್ತಿರ ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರಿದ ಅಳತೆ, 0.7ರ ಸುತ್ತ ಬಂದರೆ ಪದರ ಚೆನ್ನಾಗಿದೆ. ಹರಳು ಬೆಳಕನ್ನು ಚದುರಿಸುವುದರಿಂದ 400ರಲ್ಲೂ ಒಂದು ಓದು ತೆಗೆದು ಕಳೆಯಿರಿ. ಆಮೇಲೆ ಸ್ಲೈಡನ್ನು 50 ಡಿಗ್ರಿಯ ಅಲ್ಯೂಮಿನಿಯಂ ಬ್ಲಾಕ್ ಮೇಲಿಟ್ಟು ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ. ಬೆಳಕು ಪ್ರತಿ ಸಲವೂ ಅದೇ ಜಾಗದಲ್ಲಿ ಬೀಳಬೇಕು, ಮೂಲೆಗೆ ಗುರುತು ಹಾಕಿಕೊಳ್ಳಿ. ಓದುಗಳು ನೇರ ಗೆರೆಯಲ್ಲಿ ಇಳಿಯಬೇಕು. ಆ ಇಳಿತವನ್ನು ತೂಕಕ್ಕೆ ತಿರುಗಿಸಿದರೆ ಅದೇ ಆವಿಯಾಗುವ ವೇಗ. ಗೆರೆ ಬಾಗತೊಡಗಿತು ಅಂದರೆ ಪದರ ಹರಿದು ದ್ವೀಪಗಳಾಗಿದೆ. ಅಲ್ಲಿಂದಾಚೆ ಬಿಟ್ಟುಬಿಡಿ. ನಡುವೆ ಕರೆಂಟ್ ಹೋದರೆ ಆ ಸರಣಿಯನ್ನೇ ಬಿಡಿ.

ಈಗ ಫ್ಯಾನಿನ ವಿಷಯ. ಏಪ್ರಿಲ್‌ನಲ್ಲಿ ಮಂಡ್ಯದ ಲ್ಯಾಬಲ್ಲಿ ಫ್ಯಾನ್ ಆಫ್ ಮಾಡಿ ಅಂದರೆ ಹುಡುಗರು ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಆದರೂ ಆಫ್ ಮಾಡಲೇಬೇಕು. ನಿರ್ವಾತದಲ್ಲಾದರೆ ಅಣು ಎದ್ದು ಹೋಗುವ ವೇಗವನ್ನು ಲ್ಯಾಂಗ್‌ಮ್ಯೂರ್ ಸಮೀಕರಣವೇ ಹೇಳುತ್ತದೆ. ಬಯಲು ಗಾಳಿಯಲ್ಲಿ ಹಾಗಲ್ಲ. ಎದ್ದ ಆವಿ ಪದರದ ಮೇಲೇ ನಿಂತು ನಿಧಾನವಾಗಿ ಚದುರುತ್ತದೆ. ಫ್ಯಾನ್ ಬೀಸಿದರೆ ಆ ಆವಿ ಒರೆಸಿಹೋಗಿ ವೇಗ ಜಾಸ್ತಿಯಾಗುತ್ತದೆ. ಒತ್ತಡ ಮಾತ್ರ ಅಷ್ಟೇ ಇರುತ್ತದೆ!

ಹಾಗಾಗಿ ವೇಗ = ಕೆ × ಒತ್ತಡ × √(ಅಣುತೂಕ ÷ ಉಷ್ಣಾಂಶ) ಎಂದು ಬರೆದು, ಒತ್ತಡ ಮೊದಲೇ ಗೊತ್ತಿರುವ ಬೆಂಜೋಯಿಕ್ ಆಮ್ಲದಿಂದ ಕೆ ಎಂಬ ಸ್ಥಿರಾಂಕ ತೆಗೆಯಬೇಕು. ಉಷ್ಣಾಂಶ ಕೆಲ್ವಿನ್‌ನಲ್ಲಿರಲಿ. ಆಮೇಲೆ ಒತ್ತಡ ಕಂಡುಹಿಡಿಯಬೇಕಾದ ಸ್ಯಾಲಿಸಿಲಿಕ್ ಆಮ್ಲ ಇಡಿ. ಅದರ ಶಿಖರ 300ರ ಹತ್ತಿರ. ಅದೇ ಬ್ಲಾಕ್, ಅಷ್ಟೇ ಅಗಲದ ಪದರ, ಫ್ಯಾನ್ ಆಫ್.

45ರಿಂದ 65 ಡಿಗ್ರಿಯೊಳಗೆ ನಾಲ್ಕೈದು ಕಡೆ ಅಳೆದು, ಒತ್ತಡದ ಸಹಜ ಲಾಗ್ (ln) ಅನ್ನು 1/ಉಷ್ಣಾಂಶದ ಎದುರು ಎಳೆಯಿರಿ. ಗೆರೆಯ ಇಳಿಜಾರನ್ನು, ಋಣ ಚಿಹ್ನೆ ಬಿಟ್ಟು, 8.314ರಿಂದ ಗುಣಿಸಿದರೆ ಉತ್ಪತನದ (ಘನ ನೇರವಾಗಿ ಆವಿಯಾಗುವುದರ) ಶಾಖ, ಮೋಲ್‌ಗೆ ಜೌಲ್‌ಗಳಲ್ಲಿ. ಬೆಂಜೋಯಿಕ್‌ನ ಒತ್ತಡ ಮೊದಲೇ ಗೊತ್ತಿದ್ದರೂ ಅದರ ವೇಗದಿಂದಲೇ ಈ ಇಳಿಜಾರು ತೆಗೆದು ನೋಡಿ, ಮೋಲ್‌ಗೆ 90 ಕಿಲೋಜೌಲ್ ಹತ್ತಿರ ಬರಬೇಕು. ಬಾರದಿದ್ದರೆ ಸ್ಯಾಲಿಸಿಲಿಕ್‌ನ ಲೆಕ್ಕವನ್ನು ಸುಮ್ನೆ ಮಾಡಬೇಡಿ. ಬಯಲು ಗಾಳಿಯಲ್ಲಿ ಸಿಕ್ಕ ಒತ್ತಡ ಒಳ್ಳೆಯ ಅಂದಾಜು, ಅಷ್ಟೇ. ಅದನ್ನು ದಶಮಾಂಶ ನಾಲ್ಕು ಸ್ಥಾನದವರೆಗೆ ಬರೆದುಕೊಂಡು ಬಂದವರ ರೆಕಾರ್ಡಿಗೆ ನಾನು ಸಹಿ ಹಾಕುವುದಿಲ್ಲ.